ಹೆಡ್‌ಸೆಟ್ ಹಾಕಿದ್ರೆ ಹವಾಮಾನದ ಪಾಠ ತಲೆಗೆ ಹತ್ತುತ್ತಾ?

ಈ ಸಲದ ವಿಷಯ ಎಕ್ಸ್‌ಆರ್. ವಿಆರ್, ಎಆರ್ ಎಲ್ಲ ಸೇರಿಸಿ ಇಟ್ಟಿರೋ ಹೆಸರು ಅದು. ಹವಾಮಾನ ಬದಲಾವಣೆ ಬಗ್ಗೆ ಕಲಿಸೋಕೆ ಯೂನಿವರ್ಸಿಟಿಗಳು ಜೊತೆ ಸೇರಿ ಇದನ್ನ ಬಳಸ್ತಿವೆ. ನಾನು ಬಿಕಾಂ ಓದಿದವನು, ಹಾಗಾಗಿ ನನಗೆ ಮೊದಲು ಬರೋ ಪ್ರಶ್ನೆ: ಹಾಕಿದ ದುಡ್ಡಿಗೆ ಏನು ಸಿಗುತ್ತೆ?

ಇಟಲಿಯ ನೇಪಲ್ಸ್ ಹತ್ತಿರ ಇಸ್ಕಿಯಾ ಅಂತ ಒಂದು ಜ್ವಾಲಾಮುಖಿ ದ್ವೀಪ ಇದೆ. ಅಲ್ಲಿನ ಹಳೇ ಕೋಟೆಯೊಂದರ ಪಕ್ಕ, ಸಮುದ್ರದ ತಳದಿಂದ ಕಾರ್ಬನ್ ಡೈಆಕ್ಸೈಡ್ ಗುಳ್ಳೆಗಳು ಸೋಡಾ ಬಾಟಲಿ ಥರ ಏಳ್ತಾನೇ ಇರ್ತವೆ. ಅದರಿಂದ ಅಲ್ಲಿನ ನೀರಲ್ಲಿ ಆಮ್ಲ ಜಾಸ್ತಿ, ಸುಣ್ಣದ ಚಿಪ್ಪು ಕಟ್ಟಿಕೊಳ್ಳೋ ಜೀವಿಗಳು ಕಡಿಮೆ. ನಾವು ಗಾಳಿಗೆ ಬಿಡೋ ಕಾರ್ಬನ್ ಡೈಆಕ್ಸೈಡ್‌ನಲ್ಲಿ ಸುಮಾರು ಕಾಲು ಭಾಗವನ್ನ ಸಮುದ್ರ ಹೀರಿಕೊಳ್ಳುತ್ತೆ. ಕೈಗಾರಿಕಾ ಕ್ರಾಂತಿಯಿಂದ ಈಚೆಗೆ ಸಮುದ್ರದ ಮೇಲ್ಪದರದ ಪಿಎಚ್ ಸುಮಾರು 8.2ರಿಂದ 8.1ಕ್ಕೆ ಇಳಿದಿದೆ. ಬರೀ 0.1 ಅನ್ಬೇಡಿ, ಪಿಎಚ್‌ನದ್ದು ಲಾಗರಿದಮ್ ಲೆಕ್ಕ. ಆಮ್ಲೀಯತೆ ಏರಿರೋದು ಹತ್ತಿರ ಹತ್ತಿರ ಶೇ 30. ಮುಂದೆ ಬೇರೆ ಸಮುದ್ರಗಳ ಗತಿ ಏನಾಗಬಹುದು ಅನ್ನೋದರ ಝಲಕ್ ಇಸ್ಕಿಯಾದಲ್ಲಿ ಈಗಲೇ ಸಿಗುತ್ತೆ.

ಆದ್ರೆ ಎಷ್ಟು ವಿದ್ಯಾರ್ಥಿಗಳನ್ನ ಅಲ್ಲಿಗೆ ಕರ್ಕೊಂಡು ಹೋಗಿ ನೀರಿಗಿಳಿಸೋಕಾಗುತ್ತೆ? ಅದಕ್ಕೇ ಸ್ಟ್ಯಾನ್‌ಫರ್ಡ್‌ನ ಜೆರೆಮಿ ಬೇಲೆನ್ಸನ್ ಅವರ ವಿಆರ್ ಲ್ಯಾಬ್, ಸಮುದ್ರ ವಿಜ್ಞಾನಿ ಫಿಯೊರೆಂಜಾ ಮಿಕೆಲಿ, ಕ್ಯಾಲಿಫೋರ್ನಿಯಾ ಯೂನಿವರ್ಸಿಟಿ ಸಾಂಟಾ ಕ್ರೂಜ್‌ನ ಕ್ರಿಸ್ಟಿ ಕ್ರೋಕರ್ ಎಲ್ಲ ಸೇರಿ ಅದೇ ಜಾಗವನ್ನ ವಿಆರ್‌ಗೆ ತಂದ್ರು. ಕಾರಿನ ಹೊಗೆಯಿಂದ ಹೊರಟ ಅಣು ಸಮುದ್ರ ಸೇರೋದನ್ನ ನೀವು ನೋಡ್ತೀರಿ. ನೀರಡಿ ಬಸವನಹುಳುಗಳನ್ನ ಹುಡುಕಿ ಎಣಿಸ್ತೀರಿ.

2018ರಲ್ಲಿ ಫಲಿತಾಂಶ ಪ್ರಕಟವಾಯ್ತು. ನಾಲ್ಕು ಅಧ್ಯಯನ, 270ಕ್ಕೂ ಹೆಚ್ಚು ಜನ. ವಿಷಯದ ತಿಳಿವಳಿಕೆನೋ, ಇನ್ನಷ್ಟು ತಿಳಿಯೋ ಕುತೂಹಲನೋ ಹೆಚ್ಚಿದ್ದು ಎಲ್ಲ ಕಡೆ ಕಂಡಿತು. ಅದರಲ್ಲೇ ಇನ್ನೊಂದು ಸುಳಿವು ಸಿಕ್ತು, ನನಗೆ ಮುಖ್ಯ ಅನ್ಸಿದ್ದು ಅದು: ಆ ಲೋಕದೊಳಗೆ ಹೆಚ್ಚು ಓಡಾಡಿದವರು ಹೆಚ್ಚು ಕಲಿತಿದ್ರು. ಓಡಾಡಿದ್ದಕ್ಕೇ ಕಲಿತರಾ, ಆಸಕ್ತಿ ಇದ್ದವರೇ ಹೆಚ್ಚು ಓಡಾಡಿದ್ರಾ? ಅದು ಇದರಿಂದ ತೀರ್ಮಾನ ಆಗಲ್ಲ.

ಈಗ ಇನ್ನೊಂದು ಮಗ್ಗುಲು. 2019ರಲ್ಲಿ ಗೀಡೊ ಮಕ್ರಾನ್ಸ್ಕಿ ಮತ್ತು ರಿಚರ್ಡ್ ಮೇಯರ್ ತಂಡ (ಡೆನ್ಮಾರ್ಕ್, ಅಮೆರಿಕ ಎರಡೂ ಕಡೆಯವರು) 52 ವಿದ್ಯಾರ್ಥಿಗಳಿಗೆ ಒಂದೇ ವಿಜ್ಞಾನ ಲ್ಯಾಬ್ ಪಾಠವನ್ನ ಕಂಪ್ಯೂಟರ್ ಪರದೆಯಲ್ಲೂ ಹೆಡ್‌ಸೆಟ್‌ನಲ್ಲೂ ಕೊಟ್ಟು ನೋಡಿತು. ಹೆಡ್‌ಸೆಟ್‌ನಲ್ಲಿ 'ನಾನು ಅಲ್ಲೇ ಇದ್ದೀನಿ' ಅನ್ನೋ ಭಾವನೆ ಜಾಸ್ತಿ, ಕಲಿತಿದ್ದು ಕಡಿಮೆ! ತಲೆಗೆ ಕಟ್ಟಿದ ಇಇಜಿ ಸೂಚಿಸಿದ್ದು, ಮೆದುಳಿಗೆ ಹೊರೆ ಜಾಸ್ತಿ ಆಗಿತ್ತು ಅಂತ. ಅಂದ್ರೆ ಪರದೆಯಲ್ಲೇ ಅರ್ಥ ಆಗೋ ಪಾಠವನ್ನ ಹೆಡ್‌ಸೆಟ್‌ಗೆ ತುರುಕೋದು, ನನ್ನ ಲೆಕ್ಕದಲ್ಲಿ, ದಂಡದ ಖರ್ಚು.

ಇದಿಷ್ಟೂ ಕಲಿಯೋ ಮಾತು. ಬದಲಾದ ಹವಾಮಾನಕ್ಕೆ ಊರು ಹೊಂದಿಕೊಳ್ಳೋದು ಬೇರೆ ಆಟ, ಅಲ್ಲಿ ನಿರ್ಧಾರ ತಗೋಬೇಕು. ಕೆನಡಾದ ಡೆಲ್ಟಾ ಊರನ್ನ ನೋಡಿ. ತಗ್ಗು ಜಾಗ, ಒಡ್ಡು ಕಟ್ಟಿ ಸಮುದ್ರವನ್ನ ತಡೆದಿದ್ದಾರೆ. ಬ್ರಿಟಿಷ್ ಕೊಲಂಬಿಯಾ ಯೂನಿವರ್ಸಿಟಿಯ ಸ್ಟೀಫನ್ ಶೆಪರ್ಡ್ ತಂಡ, ಸಮುದ್ರ ಏರಿದ್ರೆ ಅಲ್ಲಿನ ಜನಕ್ಕಿರೋ ದಾರಿಗಳನ್ನ ಚಿತ್ರವಾಗಿ ತೋರಿಸಿತು: ಒಡ್ಡು ಎತ್ತರಿಸೋದು, ಮನೆಗಳನ್ನ ಮೇಲೆತ್ತಿ ಕಟ್ಟೋದು, ಜಾಗ ಬಿಟ್ಟು ಹಿಂದೆ ಸರಿಯೋದು, ಹೀಗೆ. ಹೈಸ್ಕೂಲ್ ಮಕ್ಕಳಿಗೆ ಅಂತಲೇ 'ಫ್ಯೂಚರ್ ಡೆಲ್ಟಾ 2.0' ಅನ್ನೋ 3ಡಿ ಗೇಮ್ ಕೂಡ ಬಂತು. ಹೆಡ್‌ಸೆಟ್ ಬೇಡ, ಕಂಪ್ಯೂಟರ್ ಸಾಕು.

ಇಲ್ಲೊಂದು ಅಪಾಯನೂ ಇದೆ. ಮುಳುಗಿದ ಮನೆಯ ಚಿತ್ರ ತೋರಿಸಿ ಯಾರನ್ನ ಬೇಕಾದ್ರೂ ಹೆದರಿಸಬಹುದು, ಯಾವ ದಾರಿಗೆ ಬೇಕಾದ್ರೂ ಒಪ್ಪಿಸಬಹುದು. ಇಂಥ ಚಿತ್ರ ಮಾಡೋರಿಗೆ ನೀತಿಸಂಹಿತೆ ಬೇಕು ಅಂತ ಶೆಪರ್ಡ್ 2001ರಲ್ಲೇ ಬರೆದಿದ್ರು.

ನಿಮ್ಮ ಕಾಲೇಜಲ್ಲಿ ವಿಆರ್ ಡೆಮೊ ಇಟ್ರೆ ಇಷ್ಟು ಕೇಳಿ ನೋಡಿ: ಒಳಗೆ ನಾನು ಏನಾದ್ರೂ ಮಾಡ್ತೀನಾ, ಬರೀ ನೋಡ್ತೀನಾ? ಇದೇ ಪಾಠ ಫೋನಲ್ಲಿ ಆಗಲ್ವಾ? ನೀರು ಇಷ್ಟೇ ಏರುತ್ತೆ ಅಂತ ಲೆಕ್ಕ ಹಾಕಿದ್ದು ಯಾರು? ಸಿಕ್ಕ ಉತ್ತರ ನನಗೂ ವಾಯ್ಸ್ ನೋಟ್ ಮಾಡಿ ಕಳಿಸಿ.