ಮಿದುಳಿನ ಗಾಯ, ಬದಲಾದ ಸ್ವಭಾವ

ಮಿದುಳಿಗೆ ಹಾನಿಯಾದಾಗ ಕೈಕಾಲಿನ ಬಲವೋ ಮಾತೋ ಕುಂದುವುದನ್ನು ಎಲ್ಲರೂ ಗುರುತಿಸುತ್ತಾರೆ. ಸಿಟ್ಟು, ಅಳು, ಜಡತೆಗಳಾಗಿ ಹೊರಬೀಳುವ ಗಾಯವನ್ನು ಗಾಯವೆಂದು ಒಪ್ಪುವವರು ವಿರಳ. ಧಾರವಾಡ ಸೀಮೆಯ ಜನ ಲಕ್ವಾ ಎನ್ನುವ ಪಾರ್ಶ್ವವಾಯು, ಅಂದರೆ ಮಿದುಳಿನ ರಕ್ತನಾಳ ಕಟ್ಟಿಕೊಂಡು ಅಥವಾ ಒಡೆದು ಉಂಟಾಗುವ ಹಾನಿ, 1942ರಲ್ಲಿ ಕುಂದಗೋಳದ ಗಾಯಕ ಸವಾಯಿ ಗಂಧರ್ವರನ್ನು ಕಛೇರಿಗಳಿಂದ ದೂರ ಮಾಡಿತೆಂಬುದು ಸಂಗೀತ ಬಲ್ಲವರಿಗೆ ಗೊತ್ತು. ಆದರೆ ಲಕ್ವಾ ಅಥವಾ ಬೈಕಿನಿಂದ ಬಿದ್ದ ಪೆಟ್ಟು ಮನುಷ್ಯನ ಸ್ವಭಾವವನ್ನೂ ಬದಲಿಸಬಲ್ಲದೆಂಬ ಅರಿವು ಅಷ್ಟಾಗಿ ಹರಡಿಲ್ಲ.

ಹಣೆಯ ಹಿಂದಿರುವ ಮಿದುಳಿನ ಮುಂಭಾಗವು ಮನಸ್ಸಿನಲ್ಲಿ ಎದ್ದ ಭಾವವನ್ನು ತಡೆದು, ತೂಗಿ, ಸಂದರ್ಭ ನೋಡಿ ಹೊರಬಿಡುತ್ತದೆ. ತಲೆ ರಭಸದಿಂದ ಅಲುಗಿದಾಗ ಈ ಭಾಗವು ಬುರುಡೆಯ ಒರಟು ಒಳಮೈಗೆ ಉಜ್ಜುವುದಲ್ಲದೆ, ನರಕೋಶಗಳನ್ನು ಜೋಡಿಸುವ ನವಿರಾದ ತಂತುಗಳೂ ಜಗ್ಗಿ ಹರಿಯುತ್ತವೆ. ಈ ಹಾನಿ ಎಷ್ಟೋ ಸಲ ಸಿ.ಟಿ. ಸ್ಕ್ಯಾನ್‌ನಲ್ಲಿ ಕಾಣದಿರುವುದರಿಂದ ವರದಿ ಸರಿಯಿದೆಯೆಂದು ನಂಬಿದ ಮನೆಯವರು ರೋಗಿಯನ್ನೇ ದೂರುತ್ತಾರೆ.

ಹೆಚ್ಚು ತಪ್ಪಾಗಿ ತಿಳಿಯಲ್ಪಡುವುದು ಜಡತೆ. ಕೆಲಸ ಆರಂಭಿಸುವ ಪ್ರೇರಣೆಯನ್ನು ಹುಟ್ಟಿಸುವ ಜಾಲವೇ ಕೆಟ್ಟಿರುವಾಗ, ಹೊಲಕ್ಕೆ ಹೋಗುವ ಶಕ್ತಿಯಿದ್ದೂ ಕಟ್ಟೆಯ ಮೇಲೆ ಸುಮ್ಮನೆ ಕುಳಿತವನನ್ನು ಮೈಗಳ್ಳನೆನ್ನುವುದು ಅನ್ಯಾಯ. ಆತ ತನ್ನ ಬದಲಾವಣೆಯನ್ನು ಸ್ವತಃ ಗುರುತಿಸದಿರುವುದೂ ಉಂಟು. ಕಾರಣವಿಲ್ಲದೆ ತಡೆಯಲಾಗದಂತೆ ಬರುವ ಅಳು ಅಥವಾ ನಗೆಯೂ ಕಾಯಿಲೆಯ ಲಕ್ಷಣವೇ, ಅದಕ್ಕೆ ಔಷಧವೂ ಇದೆ.

1848ರಲ್ಲಿ ಕಬ್ಬಿಣದ ಸಲಾಕೆ ತಲೆಯನ್ನು ತೂರಿಹೋದ ಅಮೆರಿಕದ ಫಿನಿಯಾಸ್ ಗೇಜ್ ಒರಟನಾದನೆಂಬುದು ಪ್ರಸಿದ್ಧ. ಮುಂದೆ ಆತ ಚಿಲಿ ದೇಶದಲ್ಲಿ ಹಲವು ವರ್ಷ ಕುದುರೆ ಬಂಡಿ ಓಡಿಸಿದನೆಂಬುದು ಅದಕ್ಕಿಂತ ಮುಖ್ಯ, ಏಕೆಂದರೆ ನಿತ್ಯ ಒಂದೇ ಕ್ರಮದ ಆ ಕೆಲಸ ಆತನ ನಡೆಯನ್ನು ಸುಧಾರಿಸಿರಬೇಕೆಂದು ಕೆಲವು ಸಂಶೋಧಕರು ಭಾವಿಸುತ್ತಾರೆ. ಆದ್ದರಿಂದ ಊಟ, ನಿದ್ದೆ, ಕೆಲಸಗಳಿಗೆ ಗೊತ್ತಾದ ಹೊತ್ತು ಇಡುವುದು, ಒಮ್ಮೆಗೆ ಒಂದೇ ಮಾತು ಹೇಳುವುದು, ದಣಿವು ಮತ್ತು ಗದ್ದಲ ಸಿಟ್ಟನ್ನು ಕೆರಳಿಸುವುದರಿಂದ ಅವನ್ನು ಮೊದಲೇ ತಗ್ಗಿಸುವುದು, ಸಿಟ್ಟು ಏರಿದಾಗ ವಾದಿಸದೆ ಸ್ವಲ್ಪ ದೂರ ಸರಿಯುವುದು ಬುದ್ಧಿವಾದಕ್ಕಿಂತ ಹೆಚ್ಚು ಫಲ ಕೊಡುತ್ತವೆ. ಮದ್ಯವನ್ನಂತೂ ಪೂರ್ತಿ ಬಿಡಿಸಬೇಕು.

ಆರೈಕೆ ಮಾಡುವ ಹೆಂಡತಿಯೋ ತಾಯಿಯೋ ಹೊಡೆತ ಬೈಗುಳಗಳನ್ನು ನುಂಗಿಕೊಂಡು ಒಬ್ಬಳೇ ನವೆಯಬಾರದು. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ನಲ್ಲಿ ಮನೋವೈದ್ಯರಿದ್ದಾರೆ. ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಗೆ ಕರೆ ಮಾಡಿದರೆ ಕನ್ನಡದಲ್ಲೇ ಉಚಿತ ಸಲಹೆ ದೊರೆಯುತ್ತದೆ.