ಉಬ್ಬಸದ ಮಗುವಿಗೆ ಆಂಟಿಬಯೋಟಿಕ್ ಬೇಕೇ?



ನೆಗಡಿ ಬಂದ ಎರಡು ದಿನಕ್ಕೆ ಪುಟ್ಟ ಮಗುವಿನ ಎದೆ ಸುಯ್‌ಗುಟ್ಟತೊಡಗಿದರೆ ಮನೆಮಂದಿಗೆಲ್ಲ ಆತಂಕ. ಆಂಟಿಬಯೋಟಿಕ್ ಕೊಟ್ಟರೆ ಬೇಗ ವಾಸಿಯಾಗುವುದಿಲ್ಲವೇ ಎಂದು ನೀವೂ ಕೇಳಿರಬಹುದು.

ಮೊದಲು ಉಬ್ಬಸವೆಂದರೇನೆಂದು ನೋಡೋಣ. ಶ್ವಾಸನಾಳದ ಒಳಪದರ ಊದಿಕೊಳ್ಳುತ್ತದೆ, ಸುತ್ತಲಿನ ಸ್ನಾಯು ಬಿಗಿಯುತ್ತದೆ, ಕಫ ಕಟ್ಟುತ್ತದೆ. ಉಸಿರಿನ ಹಾದಿ ಕಿರಿದಾಗುತ್ತದೆ. ಚಿಕ್ಕ ಮಕ್ಕಳಲ್ಲಿ ಇದನ್ನು ಕೆರಳಿಸುವುದು ಹೆಚ್ಚಾಗಿ ನೆಗಡಿಯ ವೈರಸ್. ಆಂಟಿಬಯೋಟಿಕ್ ಬ್ಯಾಕ್ಟೀರಿಯಾಗಳ ಮದ್ದು. ಆದ್ದರಿಂದಲೇ ಉಬ್ಬಸಕ್ಕೆ ಅದನ್ನು ವಾಡಿಕೆಯಾಗಿ ಕೊಡಬಾರದೆಂಬುದು ವೈದ್ಯಶಾಸ್ತ್ರದ ನಿಲುವು.

ಆದರೆ ಡೆನ್ಮಾರ್ಕಿನ ಕೋಪನ್‌ಹೇಗನ್ನಿನ ಸಂಶೋಧಕರು ಬ್ಯಾಕ್ಟೀರಿಯಾಗಳ ಕಡೆಗೂ ಕಣ್ಣು ಹಾಯಿಸಿದರು. ಅಸ್ತಮಾ ಇರುವ ತಾಯಂದಿರ 321 ಶಿಶುಗಳನ್ನು ಪರೀಕ್ಷಿಸಿ 2007ರಲ್ಲಿ ಅವರು ವರದಿ ನೀಡಿದರು. ಒಂದು ತಿಂಗಳ ವಯಸ್ಸಿಗೇ ಗಂಟಲಿನಲ್ಲಿ ನ್ಯುಮೋಕಾಕಸ್, ಹೀಮೋಫಿಲಸ್, ಮೊರಾಕ್ಸೆಲ್ಲಾದಂಥ ಬ್ಯಾಕ್ಟೀರಿಯಾಗಳು ನೆಲೆಸಿದ್ದ ಶಿಶುಗಳಲ್ಲಿ ಮುಂದೆ ಉಬ್ಬಸ ಹೆಚ್ಚಾಗಿ ಕಂಡಿತ್ತು. ಇದು ನಂಟಿನ ಸೂಚನೆ ಮಾತ್ರ. ಬ್ಯಾಕ್ಟೀರಿಯಾಗಳೇ ಕಾರಣವೆಂಬುದಕ್ಕೆ ರುಜುವಾತಲ್ಲ.

ಮುಂದಿನ ಹೆಜ್ಜೆ ಔಷಧದ ಪ್ರಯೋಗ. ಪದೇ ಪದೇ ಉಬ್ಬಸ ಬರುತ್ತಿದ್ದ, 1ರಿಂದ 3 ವರ್ಷದ 72 ಮಕ್ಕಳನ್ನು ಆರಿಸಿಕೊಂಡರು. ತೊಂದರೆ ಮೂರು ದಿನ ಬಿಡದೆ ಕಾಡಿದಾಗ ಕೆಲವರಿಗೆ ಮೂರು ದಿನ ಅಜಿತ್ರೊಮೈಸಿನ್, ಉಳಿದವರಿಗೆ ಔಷಧವಿಲ್ಲದ ಹುಸಿಮದ್ದು. ಯಾರಿಗೆ ಯಾವುದೆಂದು ವೈದ್ಯರಿಗೂ ಪಾಲಕರಿಗೂ ತಿಳಿದಿರಲಿಲ್ಲ. 2016ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಚಿಕಿತ್ಸೆ ಶುರುವಾದ ಮೇಲೆ ಹುಸಿಮದ್ದಿನವರಲ್ಲಿ ತೊಂದರೆ ಸರಾಸರಿ 7.7 ದಿನ ಉಳಿಯಿತು. ಔಷಧ ಪಡೆದವರಲ್ಲಿ 3.4 ದಿನ. ಬೇಗ ಆರಂಭಿಸಿದಷ್ಟೂ ಗುಣ ಹೆಚ್ಚು.

ಇದು ಹೇಗೆ ಸಾಧ್ಯ? ಅಜಿತ್ರೊಮೈಸಿನ್ ಬ್ಯಾಕ್ಟೀರಿಯಾದ ರೈಬೋಸೋಮಿಗೆ ಅಂಟಿಕೊಂಡು ಅದರ ಪ್ರೋಟೀನ್ ತಯಾರಿಕೆಯನ್ನು ತಡೆಯುತ್ತದೆ. ಜೊತೆಗೆ ಉರಿಯೂತವನ್ನೂ ತುಸು ತಗ್ಗಿಸುತ್ತದೆ. ಹಾಗಾದರೆ ಇಲ್ಲಿ ಕೆಲಸ ಮಾಡಿದ್ದು ಯಾವ ಗುಣ? ಅದೇ ತಂಡದ 2021ರ ವರದಿ ಒಂದು ಸುಳಿವು ಕೊಟ್ಟಿತು: ಚಿಕಿತ್ಸೆಗೆ ಮುನ್ನ ಮಗುವಿನ ಶ್ವಾಸಮಾರ್ಗದಲ್ಲಿ ಯಾವ ಯಾವ ಬ್ಯಾಕ್ಟೀರಿಯಾಗಳಿದ್ದವು ಎಂಬುದರ ಮೇಲೆ ಔಷಧದ ಫಲ ಏರುಪೇರಾಗಿತ್ತು. ಎಂದರೆ, ಒಂದೇ ಮದ್ದು ಎಲ್ಲ ಮಕ್ಕಳಿಗೂ ಒಂದೇ ಸಮ ಫಲ ಕೊಡದು.

ಹಾಗೆಂದು ಅಂಗಡಿಯಿಂದ ಮಾತ್ರೆ ತಂದು ಮಗುವಿಗೆ ಕೊಡಬಹುದೇ? ಖಂಡಿತ ಕೂಡದು. ಅನಗತ್ಯವಾಗಿ ಕೊಟ್ಟ ಪ್ರತಿ ಆಂಟಿಬಯೋಟಿಕ್ಕೂ ಅದಕ್ಕೆ ಮಣಿಯದ ಬ್ಯಾಕ್ಟೀರಿಯಾಗಳು ಬೆಳೆಯಲು ದಾರಿ ಮಾಡಿಕೊಡುತ್ತದೆ. ನಾಳೆ ಅದೇ ಮಗುವಿಗೆ ನಿಜಕ್ಕೂ ನ್ಯುಮೋನಿಯಾ ಬಂದಾಗ ಮದ್ದು ಕೈಕೊಡಬಹುದು. ಉಬ್ಬಸಕ್ಕೆ ಶ್ವಾಸನಾಳ ಹಿಗ್ಗಿಸುವ ಇನ್‌ಹೇಲರ್ ಔಷಧವೇ ಇಂದಿಗೂ ಮೊದಲ ಆಸರೆ. ಮಗು ಉಸಿರಿಗೆ ಒದ್ದಾಡಿದರೆ, ತುಟಿ ನೀಲಿಗಟ್ಟಿದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು.

ಯಾವ ಮಗುವಿಗೆ ಆಂಟಿಬಯೋಟಿಕ್ ಬೇಕು, ಯಾವ ಮಗುವಿಗೆ ಬೇಡ ಎಂಬುದನ್ನು ಹಾಸಿಗೆಯ ಪಕ್ಕದಲ್ಲೇ ತಿಳಿಸುವ ಸುಲಭ ಪರೀಕ್ಷೆ ಬೇಕಾಗಿದೆ. ಜೀವಶಾಸ್ತ್ರ ಓದುತ್ತಿರುವ ನಿಮ್ಮಲ್ಲಿ ಯಾರಾದರೂ ಈ ಕೆಲಸಕ್ಕೆ ಕೈಹಾಕಬಾರದೇಕೆ?