ಬಿಯರ್ ಮೇಜಿನ ಸುತ್ತ ಭೂಮಿಯ ಮಾತು

ಅಮೆರಿಕದ ಕ್ಯಾನ್ಸಾಸ್ ರಾಜ್ಯದ ಲಾರೆನ್ಸ್‌ನಲ್ಲಿ ಪೇಟೆ ಎಂದರೆ ಮ್ಯಾಸಚೂಸೆಟ್ಸ್ ಸ್ಟ್ರೀಟ್. ಊರಿನವರ ಬಾಯಲ್ಲಿ ಅದು ಬರೀ 'ಮ್ಯಾಸ್'. ಕ್ಯಾನ್ಸಾಸ್ ನದಿಯ ಸೇತುವೆ ಇಳಿದು ದಕ್ಷಿಣಕ್ಕೆ ನಾಲ್ಕು ಹೆಜ್ಜೆ ಹಾಕಿದರೆ 636ನೇ ನಂಬರಿನ ಕಟ್ಟಡ. ಒಂದು ಕಾಲಕ್ಕೆ ಇದು ಊರಿಂದೂರಿಗೆ ಓಡುತ್ತಿದ್ದ ಟ್ರಾಲಿ ಬಂಡಿಗಳ ನಿಲ್ದಾಣ. ಈಗ ಫ್ರೀ ಸ್ಟೇಟ್ ಬ್ರೂಯಿಂಗ್ ಕಂಪನಿ. ಒಳಗೆ ಊಟದ ಮೇಜುಗಳು, ಅದೇ ಸೂರಿನಡಿ ಬಿಯರ್ ಕಾಯಿಸುವ ದೊಡ್ಡ ದೊಡ್ಡ ಪಾತ್ರೆಗಳು. ಬಾಗಿಲು ತೆರೆಯುತ್ತಲೇ ಬೆಂದ ಬಾರ್ಲಿಯ ಸಿಹಿ ವಾಸನೆ ಮೂಗಿಗೆ ಬಡಿಯುತ್ತದೆ.

ಗುಲಾಮಗಿರಿಯ ವಿರೋಧಿಗಳು 1854ರಲ್ಲಿ ಕಟ್ಟಿದ ಊರು ಇದು. ಆ ತಪ್ಪಿಗೆಂದೇ 1863ರ ಆಗಸ್ಟಿನಲ್ಲಿ ಗುಲಾಮಗಿರಿಯ ಪರ ನಿಂತಿದ್ದ ಕ್ವಾಂಟ್ರಿಲ್‌ ಎಂಬವನ ದಂಡು ನುಗ್ಗಿ, ಇದೇ ಬೀದಿಗೆ ಬೆಂಕಿಯಿಟ್ಟು ನೂರೈವತ್ತಕ್ಕೂ ಹೆಚ್ಚು ಗಂಡಸರನ್ನೂ ಹುಡುಗರನ್ನೂ ಕೊಂದಿತು. ಮದ್ಯದ ಮೇಲಿನ ನಿರ್ಬಂಧದ ಕಥೆಯೂ ಇಲ್ಲಿ ಉದ್ದ. ಕ್ಯಾನ್ಸಾಸ್ 1881ರಲ್ಲೇ ಪಾನನಿಷೇಧ ತಂದ ರಾಜ್ಯ. ಚಕ್ ಮ್ಯಾಗರ್ಲ್ 1989ರಲ್ಲಿ ಈ ಬ್ರೂವರಿ ತೆರೆದಾಗ, ರಾಜ್ಯದಲ್ಲಿ ನೂರು ವರ್ಷಗಳ ಮೇಲೆ ಕಾನೂನುಬದ್ಧವಾಗಿ ಶುರುವಾದ ಮೊದಲ ಬ್ರೂವರಿ ಅದಾಗಿತ್ತು.

ನಾನು ಹೋದದ್ದು 'ಸೈನ್ಸ್ ಆನ್ ಟ್ಯಾಪ್' ಎಂಬ ವಿಜ್ಞಾನ ಮಾತುಕತೆಗೆ. ಬ್ರೂವರಿಯ ಜೊತೆ ಸೇರಿ ಇದನ್ನು ನಡೆಸುವುದು ಕ್ಯಾನ್ಸಾಸ್ ವಿಶ್ವವಿದ್ಯಾಲಯದ ನೈಸರ್ಗಿಕ ಇತಿಹಾಸ ವಸ್ತುಸಂಗ್ರಹಾಲಯ. ವಿಜ್ಞಾನಿಯನ್ನು ವೇದಿಕೆಯಿಂದಿಳಿಸಿ ಜನರ ನಡುವೆ ಕೂರಿಸುವ ಈ ಪದ್ಧತಿ ಇಂಗ್ಲೆಂಡಿನ ಲೀಡ್ಸ್‌ನಲ್ಲಿ 1998ರಲ್ಲಿ ಡಂಕನ್ ಡಲ್ಲಾಸ್ ಶುರುಮಾಡಿದ 'ಕೆಫೆ ಸೈಂಟಿಫಿಕ್'ನಿಂದ ಹಬ್ಬಿ, ಇಂದು ಎಷ್ಟೋ ದೇಶಗಳಲ್ಲಿದೆ. ಆದರೆ ಲಾರೆನ್ಸ್‌ನಲ್ಲಿ ಅದಕ್ಕೆ ಬೇರೆಯೇ ತೂಕವಿದೆ.

ಅದು ಅರ್ಥವಾಗಬೇಕಾದರೆ ಬ್ರೂವರಿಗೆ ಬರುವ ಮುನ್ನ ಗುಡ್ಡ ಹತ್ತಬೇಕು. ಮೌಂಟ್ ಓರಿಯಡ್ ಗುಡ್ಡದ ಮೇಲಿನ ಡೈಕ್ ಹಾಲ್‌ನಲ್ಲಿ ವಸ್ತುಸಂಗ್ರಹಾಲಯವಿದೆ. ಒಳಗೆ ಕಾಲಿಟ್ಟರೆ ತಲೆಯ ಮೇಲೆ ಸುಮಾರು 45 ಅಡಿ ಉದ್ದದ ಮೋಸಸಾರ್ ಎಂಬ ಸಮುದ್ರ ಸರೀಸೃಪದ ಅಸ್ಥಿಪಂಜರ ತೂಗುತ್ತಿದೆ. ಎಂಟು ಕೋಟಿ ವರ್ಷಗಳ ಹಿಂದೆ ಕ್ಯಾನ್ಸಾಸ್ ಸಮುದ್ರದ ತಳವಾಗಿತ್ತು. ಪಶ್ಚಿಮ ಭಾಗದ ಸುಣ್ಣಕಲ್ಲಿನ ದಿಬ್ಬಗಳಲ್ಲಿ ಇಂಥ ಮೂಳೆಗಳು ಇಂದಿಗೂ ಸಿಗುತ್ತವೆ. ಕಾಲಡಿಯ ನೆಲವೇ ಹೀಗೆ ಸಾಕ್ಷಿ ಹೇಳುತ್ತಿದ್ದರೂ 1999ರಲ್ಲಿ ರಾಜ್ಯದ ಶಿಕ್ಷಣ ಮಂಡಳಿ ಶಾಲಾ ವಿಜ್ಞಾನದ ಮಾನದಂಡದಿಂದ ಜೀವವಿಕಾಸದ ಬಹುಭಾಗವನ್ನು ಕಿತ್ತುಹಾಕಿತು. 2001ರಲ್ಲಿ ಅದು ಮರಳಿ ಬಂತು. 2005ರಲ್ಲಿ ಮಂಡಳಿ ವಿಕಾಸವಾದದ ಮೇಲೆ ಅನುಮಾನ ಹುಟ್ಟಿಸುವ ಮಾತುಗಳನ್ನು ಸೇರಿಸಿತು, 2007ರಲ್ಲಿ ಅದೂ ರದ್ದಾಯಿತು. ಜನ ಮತ ಹಾಕಿ ಆರಿಸುವ ಮಂಡಳಿ ಅದು. ವಿಜ್ಞಾನದ ಗತಿ ಹೀಗೆ ಮತದಾರರ ಕೈಯಲ್ಲಿರುವಾಗ ವಿಜ್ಞಾನಿ ಪ್ರಯೋಗಾಲಯದಲ್ಲೇ ಕೂತರೆ ಆಗದು, ಜನ ಕೂರುವ ಕಡೆ ತಾನೂ ಹೋಗಬೇಕು.

ಆ ಸಂಜೆಯ ವಿಷಯ ಹುಲ್ಲಿನ ಬೇರು. ಸಂಶೋಧಕಿ ಪರದೆ, ಸ್ಲೈಡು ಏನನ್ನೂ ತಂದಿರಲಿಲ್ಲ. ಕಂಕುಳಲ್ಲಿ ಸುರುಳಿ ಸುತ್ತಿದ ಕಾಗದವೊಂದಿತ್ತು. ಒಬ್ಬ ಹುಡುಗ ಕುರ್ಚಿ ಹತ್ತಿ ಅದರ ಮೇಲ್ತುದಿ ಹಿಡಿದ, ಆಕೆ ಬಿಚ್ಚುತ್ತಾ ಹೋದರು. ನಿಜವಾದ ಗಾತ್ರದ ಚಿತ್ರ ಅದು. ಎಡಕ್ಕೆ ವರ್ಷಕ್ಕೊಮ್ಮೆ ಬಿತ್ತುವ ಗೋಧಿ. ಅದರ ಬೇರು ಸ್ವಲ್ಪ ದೂರ ಇಳಿದು ತೆಳುವಾಗಿ ನಿಂತಿತ್ತು. ಬಲಕ್ಕೆ ಕೆರ್ನ್ಜಾ. ಅದರ ಬೇರು ಜಡೆ ಬಿಚ್ಚಿದಂತೆ ಇಳಿದು, ಕಾಗದ ನೆಲಕ್ಕೆ ತಾಗಿದ ಮೇಲೂ ಮುಗಿಯಲಿಲ್ಲ. ಉಳಿದದ್ದನ್ನು ಮೇಜುಗಳ ನಡುವೆ ಹಾಸಬೇಕಾಯಿತು. ತಿಂಡಿ ತಟ್ಟೆ ಹಿಡಿದು ಬಂದ ಪರಿಚಾರಕಿ ಬೇರನ್ನು ದಾಟಿ ಹೋಗಲಾರದೆ ನಿಂತು ತಾನೂ ನೋಡತೊಡಗಿದಳು.

ಕೆರ್ನ್ಜಾ ಗೋಧಿಯ ದೂರದ ನಂಟಿನ ಹುಲ್ಲು, ಒಮ್ಮೆ ಬಿತ್ತಿದರೆ ಹಲವು ವರ್ಷ ಬದುಕುತ್ತದೆ. ಲಾರೆನ್ಸ್‌ನಿಂದ 200 ಕಿ.ಮೀ.ಗೂ ಹೆಚ್ಚು ಪಶ್ಚಿಮಕ್ಕಿರುವ ಸಲೈನಾದಲ್ಲಿ ವೆಸ್ ಜಾಕ್ಸನ್ ಮತ್ತು ಸಂಗಡಿಗರು 1976ರಲ್ಲಿ ಕಟ್ಟಿದ ಲ್ಯಾಂಡ್ ಇನ್‌ಸ್ಟಿಟ್ಯೂಟ್ ಇದನ್ನು ಧಾನ್ಯದ ಬೆಳೆಯಾಗಿ ಪಳಗಿಸುತ್ತಿದೆ. ಬೇರು 10 ಅಡಿಗೂ ಆಳ ಹೋಗಿ ಮಣ್ಣನ್ನು ಹಿಡಿದಿಡುತ್ತದೆ. ಪ್ರತಿವರ್ಷ ಉಳುವ ಪ್ರಮೇಯವಿಲ್ಲ. 1930ರ ದಶಕದಲ್ಲಿ ಉತ್ತ ನೆಲವೇ ಧೂಳಾಗಿ ಹಾರಿಹೋದದ್ದನ್ನು ಅಜ್ಜ ಅಜ್ಜಿಯರಿಂದ ಕೇಳಿ ಬೆಳೆದ ನಾಡಿಗೆ ಇದರ ಬೆಲೆ ವಿವರಿಸಬೇಕಿಲ್ಲ. ಅಮೆರಿಕದ ಪೋರ್ಟ್‌ಲ್ಯಾಂಡಿನ ಬ್ರೂವರಿಯೊಂದು 2016ರಲ್ಲೇ ಈ ಕಾಳು ಸೇರಿಸಿದ ಬಿಯರನ್ನು ಮಾರುಕಟ್ಟೆಗೆ ತಂದಿತ್ತು.

ಭಾಷಣ ಬೇಗ ಮುಗಿಯಿತು. ಸಂಜೆಯ ತಿರುಳೆಲ್ಲ ಇದ್ದದ್ದು ಆಮೇಲಿನ ಪ್ರಶ್ನೆಗಳಲ್ಲಿ. ಇಂಥ ಕೂಟ ನಡೆಸುವವರಿಗೆ ನನ್ನ ಮಾತೂ ಅದೇ: ಉಪನ್ಯಾಸ ಕತ್ತರಿಸಿ, ಪ್ರಶ್ನೆಗೆ ಸಮಯ ಕೊಡಿ. ಬಿಸಿಲಿಗೆ ಕಂದಿದ ಕುತ್ತಿಗೆಯ ಹಿರಿಯರೊಬ್ಬರು ಇಳುವರಿ ಎಷ್ಟೆಂದು ಕೇಳಿದರು. ಗೋಧಿಗಿಂತ ಬಹಳ ಕಡಿಮೆ, ಕಾಳಿನ ಗಾತ್ರ ಗೋಧಿಯ ಐದರಲ್ಲೊಂದು ಪಾಲಷ್ಟೇ ಎಂದು ಆಕೆ ಮುಚ್ಚುಮರೆಯಿಲ್ಲದೆ ಹೇಳಿದರು. ಹಾಗಾದರೆ ಸಾಲ ತೀರಿಸುವುದು ಹೇಗೆ ಎಂಬುದು ಅವರ ಮರುಪ್ರಶ್ನೆ. ಅದಕ್ಕೆ ತನ್ನಲ್ಲಿ ಉತ್ತರವಿಲ್ಲವೆಂದು ಆಕೆ ಒಪ್ಪಿಕೊಂಡಾಗ ಹಿರಿಯರು ತಲೆಯಾಡಿಸಿ, ಕುರ್ಚಿಯನ್ನು ಇನ್ನಷ್ಟು ಹತ್ತಿರಕ್ಕೆಳೆದುಕೊಂಡರು. ಗೊತ್ತಿಲ್ಲವೆಂಬ ಮಾತು ಅಷ್ಟು ನಂಬಿಕೆ ಗಳಿಸಿದ್ದನ್ನು ನಾನು ಉಪನ್ಯಾಸ ಸಭಾಂಗಣಗಳಲ್ಲಿ ಕಂಡಿಲ್ಲ.

ಮಾತು ನೀರಿಗೆ ಹೊರಳಿತು. ಬಿಯರಿನಲ್ಲಿ ನೂರಕ್ಕೆ ತೊಂಬತ್ತು ಪಾಲಿಗೂ ಹೆಚ್ಚು ನೀರೇ. ಲಾರೆನ್ಸಿಗೆ ನದಿಯ ಮತ್ತು ಕ್ಲಿಂಟನ್ ಜಲಾಶಯದ ನೀರುಂಟು. ಪಶ್ಚಿಮ ಕ್ಯಾನ್ಸಾಸಿಗೆ ಒಗಲಾಲಾ ಅಂತರ್ಜಲವೇ ಗತಿ. ಎಂಟು ರಾಜ್ಯಗಳ ಅಡಿಯಲ್ಲಿ ಹರಡಿದ ಆ ನೀರು, ಮಳೆ ತುಂಬಿಕೊಡುವುದಕ್ಕಿಂತ ಎಷ್ಟೋ ವೇಗವಾಗಿ ಪಂಪುಗಳ ಪಾಲಾಗುತ್ತಿದೆ.

ನಾನು ಕೇಳಿದ್ದು ಜೋಳದ ಬಗ್ಗೆ. ನಮ್ಮ ವಿಜಯಪುರ, ಕಲಬುರಗಿಯ ರೊಟ್ಟಿಯ ಜೋಳವನ್ನು ಅಮೆರಿಕದಲ್ಲಿ ಅತಿ ಹೆಚ್ಚು ಬೆಳೆಯುವುದು ಕ್ಯಾನ್ಸಾಸ್. ಅಲ್ಲಿ ಅದು ಹೆಚ್ಚಾಗಿ ದನದ ಮೇವು, ಎಥೆನಾಲ್. ಸಲೈನಾದಲ್ಲಿ ಬಹುವಾರ್ಷಿಕ ಜೋಳದ ತಳಿಗಾಗಿಯೂ ಕೆಲಸ ನಡೆದಿದೆ. ಎರೆಭೂಮಿಯಲ್ಲಿ ಉಳಿದ ತೇವವನ್ನೇ ನಂಬಿ ಹಿಂಗಾರಿ ಬಿಳಿಜೋಳ ಬರುತ್ತದೆಂದು ನಾನು ಹೇಳಿದ್ದೇ ತಡ, ಪ್ರಶ್ನೆಗಳೆಲ್ಲ ನನ್ನ ಕಡೆ ತಿರುಗಿದವು: ಯಾವ ತಿಂಗಳು ಬಿತ್ತುತ್ತಾರೆ, ದಂಟು ಏನು ಮಾಡುತ್ತಾರೆ, ರೊಟ್ಟಿಗೆ ಹಿಟ್ಟು ಹೇಗೆ ನಾದುತ್ತಾರೆ.

ಹೋಗುವವರು ವಸ್ತುಸಂಗ್ರಹಾಲಯದ ಕಾರ್ಯಕ್ರಮಪಟ್ಟಿ ನೋಡಿ ಸಂಜೆ ಗೊತ್ತುಮಾಡಿಕೊಳ್ಳಿ. ಹಗಲು ಡೈಕ್ ಹಾಲ್ ನೋಡಿ ಇಳಿದು ಬಂದರೆ ಕೂಟದ ಮಾತು ಚೆನ್ನಾಗಿ ಹಿಡಿಸುತ್ತದೆ. ಬಿಯರ್ ಕುಡಿಯಲೇಬೇಕೆಂದಿಲ್ಲ, ನಾನು ಕುಡಿದದ್ದು ನಿಂಬೆ ಪಾನಕ. ಸ್ವಲ್ಪ ಮೊದಲೇ ಹೋಗಿ, ಮಾತನಾಡುವವರ ಪಕ್ಕದ ಮೇಜನ್ನೇ ಹಿಡಿಯಿರಿ.